ಅಂಗೈಯಲ್ಲಿದ್ದ ಬೆಣ್ಣೆ: ರಾಚೆಸ್ಟರ್ ಮುತ್ತಿಗೆ ಮತ್ತು ‘ಐರನ್‌ಕ್ಲಾಡ್’ ಚಿತ್ರದ ಪ್ರಕರಣ

1215ರ ನವೆಂಬರ್ 25ರಂದು ಇಂಗ್ಲೆಂಡಿನ ದೊರೆ ಜಾನ್ ತನ್ನ ಮಹಾನ್ಯಾಯಾಧಿಕಾರಿ ಹ್ಯೂಬರ್ಟ್ ಡಿ ಬರ್ಗ್‌ನಿಗೆ ಒಂದು ಆಜ್ಞಾಪತ್ರ ಕಳುಹಿಸಿದ. ಹಗಲಿರುಳೆನ್ನದೆ ನಲವತ್ತು ಹಂದಿಗಳನ್ನು ಕಳುಹಿಸಿಕೊಡಬೇಕು, ಅವು ಚೆನ್ನಾಗಿ ಕೊಬ್ಬಿದವೇ ಆಗಿರಬೇಕು, ಆದರೆ ಊಟಕ್ಕೆ ಅಷ್ಟಾಗಿ ಒದಗದಂಥವಾದರೆ ಸಾಕು, ತಾನು ಮುತ್ತಿಗೆ ಹಾಕಿರುವ ರಾಚೆಸ್ಟರ್ ಕೋಟೆಯ ಗೋಪುರದ ಬುಡಕ್ಕೆ ಬೆಂಕಿ ಹಾಕಲು ಬೇಕಾಗಿವೆ ಎಂಬುದು ಅದರ ಸಾರ. ಈ ಪತ್ರ ನೆನಪಾದಾಗಲೆಲ್ಲ ನನ್ನ ಕಣ್ಣೆದುರು ಒಂದು ಸಿನಿಮಾ ಓಡುತ್ತದೆ. ಸಿಂಹಾಸನವೇ ಅಲುಗಾಡುತ್ತಿರುವ ಹೊತ್ತಿನಲ್ಲೂ ಒಳ್ಳೆಯ ಮಾಂಸ ಸುಟ್ಟು ಹಾಳಾಗಬಾರದು ಎಂದು ಲೆಕ್ಕ ಹಾಕುವ ದೊರೆ. ನೆಲದಡಿ ಮೊಣಕಾಲೂರಿ ಮಣ್ಣು ಅಗೆಯುವ ಕೂಲಿಗಳು. ಮೇಲೆ, ಕಲ್ಲಿನ ಗೋಪುರದೊಳಗೆ, ತಮ್ಮ ಕುದುರೆಗಳನ್ನೇ ಕೊಂದು ತಿಂದು ದಿನ ದೂಡುತ್ತಿರುವ ಮುತ್ತಿಗೆಗೊಳಗಾದ ಜನ.

ಆ ಸಿನಿಮಾ ಇನ್ನೂ ಬಂದಿಲ್ಲ. ಬಂದದ್ದು 2011ರ ‘ಐರನ್‌ಕ್ಲಾಡ್’. ಇದೇ ಮುತ್ತಿಗೆ, ಇದೇ ಕೋಟೆ, ಇದೇ ದೊರೆ. ಜೊನಾಥನ್ ಇಂಗ್ಲಿಷ್ ನಿರ್ದೇಶಿಸಿದ ಈ ಚಿತ್ರವನ್ನು ನಾನು ಮೂರು ಬಾರಿ ನೋಡಿದ್ದೇನೆ. ಮೊದಲ ಬಾರಿ ಆಸೆಯಿಂದ, ಎರಡನೆಯ ಬಾರಿ ಅನುಮಾನದಿಂದ, ಮೂರನೆಯ ಬಾರಿ ಕಾಗದ ಪೆನ್ನು ಹಿಡಿದು. ಕಡಿಮೆ ಹಣದಲ್ಲಿ ಐತಿಹಾಸಿಕ ಯುದ್ಧಚಿತ್ರ ಮಾಡಹೊರಟವರು ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಚಿತ್ರ ಸೋತಾಗ ಎಲ್ಲರೂ ಮೊದಲು ಬೊಟ್ಟು ಮಾಡಿದ್ದು ಹಣದ ಕೊರತೆಯ ಕಡೆಗೆ. ನನ್ನ ವಾದ ಬೇರೆ. ರಾಚೆಸ್ಟರ್‌ನಲ್ಲಿ ನಿಜವಾಗಿ ನಡೆದದ್ದು ಕಡಿಮೆ ಹಣದ ಸಿನಿಮಾಕ್ಕೆಂದೇ ಹೇಳಿ ಮಾಡಿಸಿದಂಥ ಕಥೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗೆ, ಆ ಕಥೆಯನ್ನು ಬದಿಗಿಟ್ಟು ಹೆಚ್ಚು ಹಣ ಬೇಡುವ ಕಥೆಯೊಂದನ್ನು ಇವರು ಹೊಸೆದರು.

ಮೊದಲು ಹಣದ ಮಾತನ್ನು ಮುಗಿಸಿಬಿಡೋಣ. ಚಿತ್ರಕ್ಕೆ ಸುಮಾರು ಎರಡೂವರೆ ಕೋಟಿ ಡಾಲರ್ ಖರ್ಚಾಯಿತೆಂದು ವರದಿಯಾಗಿತ್ತು. ಸಾಮಾನ್ಯ ಲೆಕ್ಕದಲ್ಲಿ ಇದು ಸಣ್ಣ ಮೊತ್ತವಲ್ಲ. ಆದರೆ ಕೋಟೆ, ಕುದುರೆ, ಕವಚ, ಕವಣೆಯಂತ್ರಗಳಿರುವ ಚಿತ್ರಕ್ಕೆ ಇದು ಬಡವರ ಮನೆಯ ಮದುವೆಯ ದುಡ್ಡು. ಇದಕ್ಕೆ ಒಂದೇ ವರ್ಷ ಮೊದಲು, ಇದೇ ಜಾನ್ ದೊರೆ ಪಾತ್ರವಾಗಿ ಬರುವ ರಿಡ್ಲಿ ಸ್ಕಾಟ್ ಅವರ ‘ರಾಬಿನ್ ಹುಡ್’ ಇದರ ಹಲವು ಪಟ್ಟು ಹಣದಲ್ಲಿ ತಯಾರಾಗಿತ್ತು. ‘ಐರನ್‌ಕ್ಲಾಡ್’ ತಂಡ ವೇಲ್ಸ್‌ನಲ್ಲಿ ಕೋಟೆಯ ಸೆಟ್ ಹಾಕಿ, ಮಳೆ ಕೆಸರಿನ ನಡುವೆ ಚಿತ್ರೀಕರಣ ಮುಗಿಸಿತು. ಜೇಮ್ಸ್ ಪ್ಯೂರ್‌ಫಾಯ್, ಬ್ರಯಾನ್ ಕಾಕ್ಸ್, ಪಾಲ್ ಜಿಯಾಮಾಟಿ, ಡೆರೆಕ್ ಜೇಕಬಿ, ಚಾರ್ಲ್ಸ್ ಡಾನ್ಸ್, ಕೇಟ್ ಮಾರಾ ಎಂಬ ಹೆಸರುಗಳನ್ನು ನೋಡಿದರೆ ನಟರ ವಿಷಯದಲ್ಲಿ ಯಾರೂ ಜಿಪುಣತನ ಮಾಡಿಲ್ಲವೆಂದು ತಿಳಿಯುತ್ತದೆ. ಹಾಕಿದ ಹಣದ ಕಾಲು ಭಾಗವೂ ಚಿತ್ರಮಂದಿರಗಳಿಂದ ಹಿಂದಿರುಗಲಿಲ್ಲ.

ಚಿತ್ರದ ಕಥೆ ಹೀಗಿದೆ. ಸಾಮಂತರ ಒತ್ತಡಕ್ಕೆ ಮಣಿದು, ದೊರೆಯ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಒಪ್ಪಿಗೆ ಕೊಟ್ಟ ಜಾನ್ ಈಗ ಮಾತಿಗೆ ತಪ್ಪಿದ್ದಾನೆ. ಡೆನ್ಮಾರ್ಕಿನ ಬಾಡಿಗೆ ಸೈನಿಕರನ್ನು ಕರೆತಂದು, ಆ ಸನ್ನದಿಗೆ ಮುದ್ರೆ ಒತ್ತಿದವರನ್ನು ಒಬ್ಬೊಬ್ಬರನ್ನಾಗಿ ಕೊಲ್ಲಿಸುತ್ತಿದ್ದಾನೆ. ಆಲ್ಬನಿ ಎಂಬ ಸಾಮಂತ, ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ-ಯೋಧರ ಪಂಥಕ್ಕೆ ಸೇರಿದ ಮಾರ್ಷಲ್ ಮತ್ತು ಅಲ್ಲಿಲ್ಲಿ ಹೆಕ್ಕಿ ತಂದ ಕೆಲವು ಕಲಿಗಳು ರಾಚೆಸ್ಟರ್ ಕೋಟೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗಿರುವವರು ಸುಮಾರು ಇಪ್ಪತ್ತು ಜನ. ಫ್ರಾನ್ಸಿನ ರಾಜಕುಮಾರ ಬರುವ ತನಕ ಅವರು ಕೋಟೆಯನ್ನು ಉಳಿಸಿಕೊಳ್ಳಬೇಕು. ಒಬ್ಬೊಬ್ಬರೇ ಸಾಯುತ್ತಾರೆ, ಕೋಟೆಯ ಒಂದು ಮೂಲೆ ಕುಸಿಯುತ್ತದೆ, ಕೊನೆಗೆ ಫ್ರೆಂಚರು ಬರುತ್ತಾರೆ, ಜಾನ್ ಓಡಿಹೋಗುತ್ತಾನೆ.

ಇನ್ನು ನಡೆದದ್ದೇನು? ಮ್ಯಾಗ್ನಾ ಕಾರ್ಟಾಕ್ಕೆ 1215ರ ಜೂನ್ 15ರಂದು ರನ್ನಿಮೀಡ್ ಬಯಲಿನಲ್ಲಿ ಒಪ್ಪಿಗೆ ಬಿತ್ತು. ಆಗಸ್ಟ್ 24ರಂದು ಪೋಪ್ ಮೂರನೆಯ ಇನ್ನೊಸೆಂಟ್ ಅದನ್ನು ರದ್ದುಗೊಳಿಸಿದ. ಲಂಡನ್ ನಗರ ಬಂಡಾಯಗಾರರ ಕೈಯಲ್ಲಿತ್ತು. ಡೋವರ್‌ನಿಂದ ಲಂಡನ್ನಿಗೆ ಬರುವ ದಾರಿ ಮೆಡ್ವೇ ನದಿಯನ್ನು ದಾಟುವುದು ರಾಚೆಸ್ಟರ್‌ನಲ್ಲಿ. ಆದ್ದರಿಂದ ಆ ಕೋಟೆ ಯಾರದೋ ದಾರಿ ಅವರದು. ಬೆಲ್ವಾರ್‌ನ ಒಡೆಯ ವಿಲಿಯಂ ದ’ಆಬಿನ್ಯಿ (ಚಿತ್ರದ ಆಲ್ಬನಿ ಇವನೇ) ತನ್ನ ಪಡೆಯೊಂದಿಗೆ ಒಳಹೊಕ್ಕು ನೋಡಿದಾಗ ಉಗ್ರಾಣ ಖಾಲಿಯಾಗಿತ್ತು. ಪಟ್ಟಣದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತುರ್ತಾಗಿ ಒಳಗೆ ಸಾಗಿಸಬೇಕಾಯಿತು. ಅಷ್ಟರಲ್ಲಿ, ಅಕ್ಟೋಬರ್ ನಡುವಿಗೆ ಮೊದಲೇ, ಜಾನ್ ಬಂದೇಬಿಟ್ಟ. ನದಿಯ ಸೇತುವೆಯನ್ನು ಕಡಿಸಿದ. ಅವನ ಸೈನಿಕರು ಪಕ್ಕದ ಕ್ಯಾಥೆಡ್ರಲ್‌ನೊಳಗೆ ಕುದುರೆಗಳನ್ನು ಕಟ್ಟಿದರು. ಬಂಡಾಯದ ಮುಂದಾಳು ರಾಬರ್ಟ್ ಫಿಟ್ಸ್‌ವಾಲ್ಟರ್‌ನ ನೇತೃತ್ವದಲ್ಲಿ ಲಂಡನ್ನಿನಿಂದ ಹೊರಟ ನೆರವಿನ ಪಡೆ ಅರ್ಧದಾರಿಯಿಂದಲೇ ಹಿಂದಿರುಗಿತು.

ಒಳಗೆ ಸುಮಾರು ನೂರು ಮಂದಿ ನೈಟ್‌ಗಳು, ಅಂದರೆ ಕುದುರೆಯೇರಿ ಕಾದುವ ಕುಲೀನ ಯೋಧರು, ಇದ್ದರು; ಅವರ ಜೊತೆಗೆ ಅಡ್ಡಬಿಲ್ಲುಗಾರರೂ ಸೇವಕರೂ ಇದ್ದರು. ಹೊರಗೆ ಐದು ಕವಣೆಯಂತ್ರಗಳು ಹಗಲೂ ರಾತ್ರಿ ಕಲ್ಲೆಸೆದವು. ಕಲ್ಲಿಗೆ ಕೋಟೆ ಬಗ್ಗಲಿಲ್ಲ. ಮುತ್ತಿಗೆ ಶುರುವಾದ ಒಂದೆರಡು ದಿನಗಳಲ್ಲೇ ಜಾನ್ ಕ್ಯಾಂಟರ್‌ಬರಿಯ ಅಧಿಕಾರಿಗಳಿಗೆ ಬರೆದಿದ್ದ, ಹಗಲಿರುಳು ದುಡಿದು ಎಷ್ಟು ಸಾಧ್ಯವೋ ಅಷ್ಟು ಪಿಕಾಸಿಗಳನ್ನು ಮಾಡಿಸಿ ಕಳುಹಿಸಿ ಎಂದು. ಸುರಂಗ ತೋಡಿದರು. ಗೋಪುರದ ದಕ್ಷಿಣದ ಕಡೆಯ ಮೂಲೆಯ ಅಡಿಪಾಯವನ್ನು ಮರದ ಕಂಬಗಳ ಮೇಲೆ ನಿಲ್ಲಿಸಿ, ಹಂದಿಯ ಕೊಬ್ಬನ್ನು ಇಂಧನವಾಗಿಸಿ ಬೆಂಕಿ ಕೊಟ್ಟರು. ಕಂಬಗಳು ಉರಿದವು, ಮೂಲೆ ಧರೆಗುರುಳಿತು. ಆಗಲೂ ಒಳಗಿದ್ದವರು ಶರಣಾಗಲಿಲ್ಲ. ನವೆಂಬರ್ 30ರಂದು, ಸುಮಾರು ಏಳು ವಾರಗಳ ನಂತರ, ಅವರನ್ನು ಹೊರಗೆ ತಂದದ್ದು ಹಸಿವು. ತಮ್ಮ ಕಾಲದಲ್ಲಿ ಇಷ್ಟು ಬಿಗಿಯಾಗಿ ಹಾಕಿದ ಮುತ್ತಿಗೆಯನ್ನೂ ಇಷ್ಟು ಗಟ್ಟಿಯಾಗಿ ಎದುರಿಸಿದವರನ್ನೂ ಯಾರೂ ಕಂಡಿರಲಿಲ್ಲ ಎಂದು ಆಗಿನ ಚರಿತ್ರೆಕಾರನೊಬ್ಬ ಬರೆದ. ಇದಾದ ಮೇಲೆ ಕೋಟೆಗಳನ್ನು ನಂಬಿ ಕೂರುವವರು ಕಡಿಮೆಯಾದರು ಎಂದೂ ಸೇರಿಸಿದ.

ಅಂದರೆ ಕೋಟೆ ಬಿತ್ತು. ಚಿತ್ರ ಹೇಳುವಂತೆ ಉಳಿಯಲಿಲ್ಲ. ಫ್ರಾನ್ಸಿನ ರಾಜಕುಮಾರ ಲೂಯಿ ಇಂಗ್ಲೆಂಡಿನ ನೆಲಕ್ಕೆ ಕಾಲಿಟ್ಟದ್ದು 1216ರ ಮೇ ತಿಂಗಳಲ್ಲಿ, ಗೋಪುರ ಶರಣಾದ ಆರು ತಿಂಗಳ ನಂತರ. ಚಿತ್ರದ ಕೊನೆಯಲ್ಲಿ ಧೂಳೆಬ್ಬಿಸುತ್ತ ಬರುವ ಸೈನ್ಯ ನಿಜದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಬರುತ್ತದೆಂದು ನಂಬಿ ಕಾದ ನೆರವು ಬಾರದೇ ಹೋಗುವುದು ಒಂದು ಕಥೆ. ಬಂದೇ ಬರುವುದು ಇನ್ನೊಂದು ಕಥೆ. ಎರಡನೆಯದಕ್ಕೆ ಕುದುರೆ ಬೇಕು, ಬಾವುಟ ಬೇಕು, ಬಯಲು ತುಂಬುವಷ್ಟು ಜನ ಬೇಕು. ಮೊದಲನೆಯದಕ್ಕೆ ಬೇಕಾದದ್ದು ಕಿಟಕಿಯಲ್ಲಿ ನಿಂತು ದಾರಿ ನೋಡುವ ಒಬ್ಬ ಕಾವಲುಗಾರ, ಎದುರಿಗೆ ಕಾಣುವ ಮುರಿದ ಸೇತುವೆ. ಹಣವಿಲ್ಲದವರು ದುಬಾರಿಯಾದ ಸುಳ್ಳನ್ನು ಆರಿಸಿಕೊಂಡು ಅಗ್ಗದ ಸತ್ಯವನ್ನು ಬಿಟ್ಟದ್ದು ನನಗೆ ಇಂದಿಗೂ ಅರಗದ ಸಂಗತಿ.

ಚರಿತ್ರೆಯನ್ನು ತಿದ್ದಿದ್ದೇ ಅಪರಾಧ ಎಂದು ನಾನು ಹೇಳುತ್ತಿಲ್ಲ. ಸಿನಿಮಾ ಪಠ್ಯಪುಸ್ತಕವಲ್ಲ. ತಿದ್ದುಪಡಿ ಕಥೆಗೆ ಏನನ್ನು ಕೊಟ್ಟಿತು, ಏನನ್ನು ಕಿತ್ತುಕೊಂಡಿತು ಎಂದು ಕೇಳಿದರೆ ಸಾಕು. ಡೇನರ ವಿಷಯವನ್ನೇ ತೆಗೆದುಕೊಳ್ಳಿ. ಚಿತ್ರದಲ್ಲಿ ಅವರು ಮುಖಕ್ಕೆ ಬಣ್ಣ ಬಳಿದುಕೊಂಡು, ಕೊಡಲಿ ಹಿಡಿದು ಅರಚುತ್ತ ಬರುವ ಅನ್ಯಧರ್ಮೀಯರು. ಕ್ರೈಸ್ತ ಚರ್ಚನ್ನು ತಮ್ಮ ನಾಡಿನಿಂದ ದೂರವಿಡುವ ಭರವಸೆಗಾಗಿ ಅವರು ಜಾನ್‌ನ ಪರ ಹೋರಾಡುತ್ತಾರೆ. ಆದರೆ ಡೆನ್ಮಾರ್ಕ್ ಹತ್ತನೆಯ ಶತಮಾನದಲ್ಲೇ ಕ್ರೈಸ್ತ ರಾಜ್ಯವಾಗಿತ್ತು. 1215ರಲ್ಲಿ ಅದನ್ನು ಆಳುತ್ತಿದ್ದ ಎರಡನೆಯ ವಾಲ್ಡೆಮಾರ್ ನಾಲ್ಕು ವರ್ಷಗಳ ನಂತರ ತಾನೇ ಎಸ್ಟೋನಿಯಾದ ಮೇಲೆ ಧರ್ಮಯುದ್ಧ ಸಾರಿಕೊಂಡು ಹೋದವನು. ಜಾನ್‌ನ ಬಳಿಯಿದ್ದ ಬಾಡಿಗೆ ಸೈನಿಕರು ಫ್ಲಾಂಡರ್ಸ್, ಪೊಯಿತು, ಗ್ಯಾಸ್ಕನಿ ಕಡೆಯವರು. ಫಾಲ್ಕ್ಸ್ ಡಿ ಬ್ರೋಟೆ, ಸವಾರಿ ಡಿ ಮೋಲಿಯೋನ್‌ನಂಥ ನುರಿತ ದಂಡನಾಯಕರು ಅವರನ್ನು ನಡೆಸುತ್ತಿದ್ದರು. ಸಂಬಳಕ್ಕೆ ದುಡಿಯುವ, ಲೆಕ್ಕ ಬಲ್ಲ, ಎದುರಾಳಿಯ ಭಾಷೆಯನ್ನೇ ಆಡುವ ಸೈನಿಕ ಅರಚುವ ಕಾಡುಮನುಷ್ಯನಿಗಿಂತ ಹೆಚ್ಚು ಭಯ ಹುಟ್ಟಿಸುತ್ತಾನೆ. ಅವನೊಂದಿಗೆ ಗೋಡೆಯ ಮೇಲಿನಿಂದ ಮಾತಾಡಬಹುದು, ಚೌಕಾಸಿ ಮಾಡಬಹುದು. ಅವನು ಎಷ್ಟು ಕೇಳುತ್ತಾನೆ ಎಂಬುದರ ಮೇಲೆ ಒಂದಿಡೀ ರಾತ್ರಿಯ ದೃಶ್ಯ ಕಟ್ಟಬಹುದು.

ಟೆಂಪ್ಲರ್ ನಾಯಕನದೂ ಇದೇ ಹಾಡು. ಇಂಗ್ಲೆಂಡಿನ ಟೆಂಪ್ಲರರ ಮುಖ್ಯಸ್ಥ ಸೋದರ ಐಮೆರಿಕ್‌ನ ಹೆಸರು ಮ್ಯಾಗ್ನಾ ಕಾರ್ಟಾದ ಮೊದಲ ಸಾಲುಗಳಲ್ಲೇ ಬರುತ್ತದೆ, ದೊರೆಗೆ ಸಲಹೆ ಕೊಟ್ಟವರ ಪಟ್ಟಿಯಲ್ಲಿ. ಆ ಪಂಥ ಜಾನ್‌ನ ಜೊತೆಗಿತ್ತು. ಒಬ್ಬ ಟೆಂಪ್ಲರ್ ತನ್ನ ಪಂಥವನ್ನೇ ಧಿಕ್ಕರಿಸಿ ಬಂಡಾಯಗಾರರ ಜೊತೆ ನಿಂತಿದ್ದರೆ ಅವನ ಎದೆಯೊಳಗೆ ಎಂಥ ಕೋಲಾಹಲ ನಡೆದಿರಬೇಕು! ಚಿತ್ರಕ್ಕೆ ಆ ಕೋಲಾಹಲ ಬೇಕಿಲ್ಲ. ಅದಕ್ಕೆ ಬೇಕಾದದ್ದು ಬ್ರಹ್ಮಚರ್ಯದ ಪ್ರತಿಜ್ಞೆ ಮತ್ತು ಅದನ್ನು ಮುರಿಯಲು ಕೋಟೆಯಲ್ಲಿರುವ ಒಬ್ಬ ಚೆಲುವೆ. ಕೇಟ್ ಮಾರಾ ಅವರ ಇಸಬೆಲ್ ಪಾತ್ರ ಈ ಒಂದೇ ಕೆಲಸಕ್ಕಾಗಿ ಹುಟ್ಟಿದೆ. ಕೋಟೆಯ ಒಡತಿಗೆ ಉಗ್ರಾಣದ ಬೀಗದ ಕೈ ಕೊಟ್ಟಿದ್ದರೆ, ಉಳಿದ ಹಿಟ್ಟನ್ನು ಅಳೆದು ಹಂಚುವ ಅಧಿಕಾರ ಕೊಟ್ಟಿದ್ದರೆ, ಇಡೀ ಮುತ್ತಿಗೆಯಲ್ಲಿ ಅವಳಿಗಿಂತ ಬಲವಾದ ಪಾತ್ರ ಇನ್ನೊಂದಿರುತ್ತಿರಲಿಲ್ಲ.

ಈಗ ಯುದ್ಧದ ದೃಶ್ಯಗಳಿಗೆ ಬರುತ್ತೇನೆ. ಕಡಿಮೆ ಬಜೆಟ್ಟಿನ ಗಾಯ ಎದ್ದು ಕಾಣುವುದು ಇಲ್ಲೇ. ನೂರು ಜನರನ್ನು ಸಾವಿರವಾಗಿ ತೋರಿಸಬೇಕಾದಾಗ ನಿರ್ದೇಶಕನ ಮುಂದಿರುವ ದಾರಿಗಳು ಕೆಲವೇ. ಕ್ಯಾಮೆರಾವನ್ನು ಹತ್ತಿರ ತಂದು ಚೌಕಟ್ಟನ್ನು ಮೈ, ಕೈ, ಕಬ್ಬಿಣದಿಂದ ತುಂಬಿಸಬಹುದು. ಹೊಗೆ, ಮಂಜು, ಕತ್ತಲೆಯಲ್ಲಿ ಅಂಚುಗಳನ್ನು ಮುಚ್ಚಬಹುದು. ಕಂಪ್ಯೂಟರಿನಲ್ಲಿ ಜನರನ್ನು ಹೆಚ್ಚಿಸಬಹುದು. ಇಲ್ಲವೇ ಕ್ಯಾಮೆರಾವನ್ನು ಅಲುಗಾಡಿಸಿ, ಕ್ಷಣಕ್ಕೊಮ್ಮೆ ಕತ್ತರಿಸಿ, ನೋಡುಗನ ಕಣ್ಣಿಗೆ ಎಣಿಸಲು ಸಮಯವನ್ನೇ ಕೊಡದಿರಬಹುದು. ‘ಐರನ್‌ಕ್ಲಾಡ್’ ಹೆಚ್ಚಾಗಿ ನೆಚ್ಚಿಕೊಂಡದ್ದು ಈ ಕೊನೆಯ ಉಪಾಯವನ್ನು. ಕ್ಯಾಮೆರಾ ಹೋರಾಟಗಾರರ ನಡುವೆ ನುಗ್ಗಿ ಅದುರುತ್ತದೆ. ಕತ್ತಿ ಎತ್ತಿದ್ದು ಕಾಣುತ್ತದೆ, ರಕ್ತ ಚಿಮ್ಮಿದ್ದು ಕಾಣುತ್ತದೆ, ನಡುವೆ ಏನಾಯಿತೆಂಬುದು ಕಾಣುವುದಿಲ್ಲ. ಮೊದಲ ಐದು ನಿಮಿಷ ಇದು ಗಾಬರಿಯ ಅನುಭವ ಕೊಡುತ್ತದೆ ಎಂಬುದನ್ನು ಒಪ್ಪುತ್ತೇನೆ. ಆಮೇಲೆ ಕಣ್ಣು ದಣಿಯುತ್ತದೆ, ಮನಸ್ಸು ಹೊರಗೆ ನಡೆಯುತ್ತದೆ.

ಮುತ್ತಿಗೆಯ ಸಿನಿಮಾಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ನಕ್ಷೆ. ಬಾಗಿಲು ಎಲ್ಲಿದೆ, ಬಾವಿ ಎಲ್ಲಿದೆ, ಉಗ್ರಾಣ ಯಾವ ಅಂತಸ್ತಿನಲ್ಲಿದೆ, ಯಾವ ಗೋಡೆ ಬಿದ್ದರೆ ಯಾರು ಸಾಯುತ್ತಾರೆ ಎಂಬುದು ನೋಡುಗನ ತಲೆಯಲ್ಲಿ ಕೂತಿರಬೇಕು. ಆಗ ಒಂದು ಕಲ್ಲು ಉದುರಿದರೂ ಎದೆ ಝಲ್ಲೆನ್ನುತ್ತದೆ. ಈ ಚಿತ್ರವನ್ನು ಮೂರು ಬಾರಿ ನೋಡಿದ ಮೇಲೂ ಅದರ ಕೋಟೆಯ ನಕ್ಷೆಯನ್ನು ಬಿಡಿಸಲು ನನಗೆ ಸಾಧ್ಯವಾಗಲಿಲ್ಲ. ನಿಜವಾದ ರಾಚೆಸ್ಟರ್ ಗೋಪುರದ ನಕ್ಷೆಯನ್ನಾದರೆ ಒಂದು ಮಗುವೂ ಬರೆಯಬಲ್ಲುದು. ಒಂದು ಬದಿ ಸುಮಾರು 21 ಮೀಟರ್ ಇರುವ ಚೌಕ, ಎತ್ತರ 34 ಮೀಟರಿನಷ್ಟು, ಮೂರು ಮೀಟರಿಗೂ ದಪ್ಪ ಗೋಡೆಗಳು. 1127ರ ನಂತರ ಆರ್ಚ್‌ಬಿಷಪ್ ವಿಲಿಯಂ ಡಿ ಕಾರ್ಬೆಯ್ ಕಟ್ಟಿಸಿದ್ದು. ಚೌಕದ ನಟ್ಟನಡುವೆ ಅಡಿಯಿಂದ ಮುಡಿಯವರೆಗೆ ಒಂದು ಅಡ್ಡಗೋಡೆ ಇಡೀ ಗೋಪುರವನ್ನು ಎರಡು ಹೋಳಾಗಿಸುತ್ತದೆ. ಬಾವಿಯ ಕೊಳವೆ ಆ ಅಡ್ಡಗೋಡೆಯ ಹೊಟ್ಟೆಯೊಳಗೇ ಮೇಲೇರುತ್ತದೆ, ಪ್ರತಿ ಅಂತಸ್ತಿನಲ್ಲೂ ನಿಂತು ನೀರು ಸೇದಬಹುದು.

ಆ ಅಡ್ಡಗೋಡೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಮೂಲೆ ಕುಸಿದ ಮೇಲೆ ಒಳಗಿದ್ದವರು ಹಿಂದೆ ಸರಿದು ಇದರ ಮರೆಯಲ್ಲಿ ನಿಂತರು. ಅರ್ಧ ಗೋಪುರ ದೊರೆಯದು, ಅರ್ಧ ಗೋಪುರ ಅವರದು. ನಡುವೆ ಒಂದೇ ಗೋಡೆ. ಆ ಕಡೆ ಬೆಚ್ಚಗಿರುವ, ಹೊಟ್ಟೆ ತುಂಬಿದ ಸೈನಿಕರು. ಈ ಕಡೆ ಕುದುರೆ ಮಾಂಸವನ್ನು ನೀರಿನೊಂದಿಗೆ ನುಂಗುವವರು. ಕುದುರೆ ತಿನ್ನುವುದೆಂದರೆ ನೈಟ್ ಒಬ್ಬನಿಗೆ ಹಸಿವು ನೀಗುವ ಮಾತು ಮಾತ್ರ ಆಗಿರಲಿಲ್ಲ. ಕುದುರೆಯೇ ಅವನ ಸ್ಥಾನಮಾನ, ಅವನ ಆಸ್ತಿಯ ದೊಡ್ಡ ಪಾಲು. ಅದನ್ನು ಕಡಿಯುವ ಬೆಳಗ್ಗೆ ಯಾರು ಕತ್ತಿ ಹಿಡಿದರು, ಯಾರದು ಮೊದಲು, ಯಾರು ತಿನ್ನಲಾರೆ ಎಂದರು? ಎರಡು ಕೋಣೆ, ಒಂದು ಗೋಡೆ, ಒಂದು ಬಾವಿ, ಹತ್ತು ಹನ್ನೆರಡು ನಟರು. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ದೊಡ್ಡ ನಾಟಕವನ್ನು ಚರಿತ್ರೆ ಯಾವಾಗಲೂ ಕೊಡುವುದಿಲ್ಲ. ಚಿತ್ರದಲ್ಲಿ ಮೂಲೆ ಕುಸಿದ ಕೂಡಲೇ ಕೊನೆಯ ಹೊಡೆದಾಟ ಆರಂಭವಾಗುತ್ತದೆ. ಅಡ್ಡಗೋಡೆಗೆ ಕಥೆಯಲ್ಲಿ ಒಂದು ಮಾತಿನ ಜಾಗವೂ ಇಲ್ಲ.

ಸುರಂಗದ ಮಾತೂ ಹೀಗೆಯೇ. ಹಂದಿಗಳಿವೆ, ಸುರಂಗವಿದೆ, ಬೆಂಕಿಯಿದೆ. ಆದರೆ ಅವೆಲ್ಲ ಒಂದು ಆಸ್ಫೋಟದ ಪೂರ್ವಸಿದ್ಧತೆಯಾಗಿ ಬಂದು ಹೋಗುತ್ತವೆ. ಬಡ ನಿರ್ದೇಶಕನ ಕೈಯಲ್ಲಿರುವ ಅತ್ಯಂತ ಅಗ್ಗದ, ಅತ್ಯಂತ ಹರಿತವಾದ ಆಯುಧ ಶಬ್ದ. ಕ್ಯಾಂಟರ್‌ಬರಿಯಿಂದ ಬಂದ ಪಿಕಾಸಿಗಳು ನೆಲದಡಿ ಬೀಳುವ ಸದ್ದು ಗೋಪುರದ ಕಲ್ಲುಚಪ್ಪಡಿಯ ಮೂಲಕ ಅಂಗಾಲಿಗೆ ತಾಕಬೇಕಿತ್ತು. ಊಟದ ಹೊತ್ತಿನಲ್ಲಿ, ಪ್ರಾರ್ಥನೆಯ ಹೊತ್ತಿನಲ್ಲಿ, ನಿದ್ದೆಯಲ್ಲಿ ಟಕ್, ಟಕ್, ಟಕ್. ಹಾಗೆ ಎಷ್ಟೋ ದಿನ ನಡೆದು ಒಂದು ದಿನ ಆ ಸದ್ದು ನಿಲ್ಲಬೇಕಿತ್ತು. ಅಗೆಯುವುದು ಮುಗಿಯಿತು ಎಂದರೆ ಇನ್ನು ಕಂಬಗಳಿಗೆ ಬೆಂಕಿ ಬೀಳುತ್ತದೆ ಎಂದರ್ಥ. ಆ ಮೌನದಲ್ಲಿ ಒಳಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನು ಚಿತ್ರೀಕರಿಸಲು ಒಂದು ದೀಪ, ಒಂದು ಮಸೂರ ಸಾಕಿತ್ತು. ಬದಲಿಗೆ ಇಡೀ ಚಿತ್ರದ ಮೇಲೆ ಸಂಗೀತ ಎಡೆಬಿಡದೆ ಮೊರೆಯುತ್ತದೆ. ಪಿಕಾಸಿ ಬಿದ್ದರೂ ಕೇಳಿಸದು.

ರಕ್ತದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಒಬ್ಬನ ಹೆಗಲಿಗೆ ಬಿದ್ದ ಕತ್ತಿ ಎದೆ ಸೀಳಿಕೊಂಡು ಕೆಳಗಿಳಿಯುವ ದೃಶ್ಯವೊಂದಿದೆ, ಚಿತ್ರ ನೋಡಿದವರೆಲ್ಲ ಅದನ್ನೇ ನೆನೆಯುತ್ತಾರೆ. ಕಬ್ಬಿಣದ ಬಳೆಗಳನ್ನು ಹೆಣೆದ ಅಂಗಿ ಆ ಕಾಲದ ಯೋಧನ ಮೈಗಾವಲಾಗಿತ್ತು. ಅದರ ಕೆಲಸವೇ ಕತ್ತಿಯ ಅಲುಗನ್ನು ತಡೆಯುವುದು. ಬಟ್ಟೆ ಸೀಳಿದಂತೆ ಅದು ಸೀಳಿದರೆ ಅಂಗಿಗೂ ಬೆಲೆಯಿಲ್ಲ, ಕತ್ತಿಗೂ ಬೆಲೆಯಿಲ್ಲ. ರಕ್ತ ಅಗ್ಗ ಎಂಬ ಕಾರಣಕ್ಕೇ ಕಡಿಮೆ ಹಣದ ಚಿತ್ರಗಳು ಅದನ್ನು ಬೊಗಸೆ ತುಂಬ ಚೆಲ್ಲುತ್ತವೆ.

ಚಿತ್ರ ಪೂರ್ತಿ ಬರಡು ಎಂದರೆ ಅನ್ಯಾಯವಾಗುತ್ತದೆ. ಪಾಲ್ ಜಿಯಾಮಾಟಿ ಅವರ ಜಾನ್ ನಿಜಕ್ಕೂ ಜೀವಂತ. ಸೆರೆಸಿಕ್ಕ ಆಲ್ಬನಿಯ ಎದುರು ನಿಂತು ಆತ ಸ್ಫೋಟಿಸುವ ಗಳಿಗೆಯೊಂದಿದೆ. ದೊರೆತನ ದೇವರು ಕೊಟ್ಟದ್ದು, ಅದನ್ನು ಒಂದು ಕಾಗದದ ತುಂಡಿನಲ್ಲಿ ಕಟ್ಟಿಹಾಕಲು ನೀವು ಯಾರು ಎಂಬ ಧಾಟಿಯ ಕೂಗಾಟ. ಮುಖ ಕೆಂಪೇರಿ, ಕುತ್ತಿಗೆಯ ನರ ಉಬ್ಬಿ, ದನಿ ಒಡೆಯುತ್ತದೆ. ಅವಮಾನಗೊಂಡ ಮನುಷ್ಯ ಅಧಿಕಾರ ಹಿಡಿದರೆ ಹೇಗಿರುತ್ತಾನೆ ಎಂಬುದು ಆ ಎರಡು ನಿಮಿಷದಲ್ಲಿ ತಿಳಿದುಹೋಗುತ್ತದೆ. ಗಮನಿಸಿ, ಈ ದೃಶ್ಯದಲ್ಲಿ ಸೈನ್ಯವಿಲ್ಲ, ಕವಣೆಯಂತ್ರವಿಲ್ಲ. ಇಬ್ಬರು ನಟರು ಮತ್ತು ಕೆಸರು. ಅಲುಗಾಡುತ್ತಿದ್ದ ಕ್ಯಾಮೆರಾ ಇಲ್ಲಿ ಸುಮ್ಮನೆ ನಿಲ್ಲಲು ಕಲಿತಿದೆ. ಇಡೀ ಚಿತ್ರ ಹೀಗಿರಬಹುದಿತ್ತು ಎಂದು ಹೊಟ್ಟೆ ಉರಿಯುತ್ತದೆ.

ಆ ಕೂಗಾಟ ಮುಗಿದ ಮೇಲೆ ಜಾನ್ ಆಲ್ಬನಿಯ ಕೈಕಾಲು ಕತ್ತರಿಸಿ, ಮುಂಡವನ್ನು ಕವಣೆಯಂತ್ರದಿಂದ ಕೋಟೆಗೆ ಎಸೆಯಿಸುತ್ತಾನೆ. ಇದಕ್ಕೆ ಚರಿತ್ರೆಯಲ್ಲಿ ಒಂದು ಎಳೆಯಿದೆ. ಆಹಾರ ಮುಗಿಯುತ್ತ ಬಂದಾಗ ಕಾದಾಡಲಾಗದ ದುರ್ಬಲರನ್ನು ಕೋಟೆಯಿಂದ ಹೊರಗೆ ಕಳುಹಿಸಿದರು, ಅವರಲ್ಲಿ ಕೆಲವರ ಕೈಕಾಲುಗಳನ್ನು ದೊರೆ ಕಡಿಸಿದ ಎಂದು ಹೇಳಿಕೆಯುಂಟು. ಚಿತ್ರಕಥೆ ಬರೆದವರು ಆ ಕ್ರೌರ್ಯವನ್ನು ಹೆಸರಿಲ್ಲದ ಬಡವರಿಂದ ಕಿತ್ತು ದೊಡ್ಡ ಮನುಷ್ಯನಿಗೆ ಕೊಟ್ಟರು. ಬಾಗಿಲು ತೆರೆದು ತಮ್ಮವರನ್ನೇ ಹೊರಗೆ ತಳ್ಳಿದವರು ಯಾರು, ಯಾರನ್ನು ಆರಿಸಿದರು, ಗೋಡೆಯ ಮೇಲಿನಿಂದ ಮುಂದಿನದನ್ನು ಹೇಗೆ ನೋಡಿದರು ಎಂಬ ಪ್ರಶ್ನೆಗಳು ಅದರೊಂದಿಗೆ ಮಾಯವಾದವು. ಕೋಟೆಯೊಳಗಿನ ವೀರರ ಕೈಗೂ ಕಳಂಕ ಹತ್ತುವ ಪ್ರಸಂಗವದು. ಚಿತ್ರಕ್ಕೆ ಕಳಂಕವಿಲ್ಲದ ವೀರರು ಬೇಕಾಗಿದ್ದರು.

ನಿಜವಾದ ದ’ಆಬಿನ್ಯಿ ಸಾಯಲಿಲ್ಲ. ಅವನನ್ನು ಕಾರ್ಫ್ ಕೋಟೆಯಲ್ಲಿ ಸೆರೆಯಿಟ್ಟರು. ಹಣ ತೆತ್ತು ಬಿಡಿಸಿಕೊಂಡ. ಜಾನ್ ಸತ್ತ ಮೇಲೆ, 1217ರ ಲಿಂಕನ್ ಕದನದಲ್ಲಿ, ಅವನು ಕಾದಾಡಿದ್ದು ಜಾನ್‌ನ ಮಗನ ಪರವಾಗಿ. 1236ರವರೆಗೆ ಬದುಕಿದ್ದ. ದೊರೆಯ ವಿರುದ್ಧ ದಂಗೆಯೆದ್ದವನು ದೊರೆತನದ ವಿರುದ್ಧ ಇರಲಿಲ್ಲ. ಇದನ್ನು ಅರ್ಥಮಾಡಿಸುವ ಘಟನೆಯೊಂದನ್ನು ಚರಿತ್ರೆಕಾರ ವೆಂಡೋವರ್‌ನ ರಾಜರ್ ದಾಖಲಿಸಿದ್ದಾನೆ. ಮುತ್ತಿಗೆಯ ಒಂದು ದಿನ ಜಾನ್ ಕೋಟೆಯ ಸುತ್ತ ನಡೆದು ದುರ್ಬಲ ಜಾಗಗಳನ್ನು ನೋಡುತ್ತಿದ್ದ. ಮೇಲಿನಿಂದ ಒಬ್ಬ ಅಡ್ಡಬಿಲ್ಲುಗಾರ ಅವನನ್ನು ಗುರುತಿಸಿದ. ಬಾಣ ಸಿದ್ಧವಿದೆ, ಹೊಡೆದುಬಿಡಲೇ ಎಂದು ದ’ಆಬಿನ್ಯಿಯನ್ನು ಕೇಳಿದ. ಬೇಡ, ದೇವರು ಅಭಿಷೇಕ ಮಾಡಿದವನ ಸಾವಿಗೆ ನಾವು ಕಾರಣರಾಗಬಾರದು ಎಂದ ದ’ಆಬಿನ್ಯಿ. ನಿಮ್ಮ ಜಾಗದಲ್ಲಿ ಅವನಿದ್ದಿದ್ದರೆ ನಿಮ್ಮನ್ನು ಬಿಡುತ್ತಿರಲಿಲ್ಲ ಎಂದ ಬಿಲ್ಲುಗಾರ. ಅದು ದೇವರ ಇಚ್ಛೆ, ಅವನ ಇಚ್ಛೆಯಲ್ಲ ಎಂಬ ಉತ್ತರ ಬಂತು.

ಘಟನೆ ಹೀಗೇ ನಡೆಯಿತೋ, ಚರಿತ್ರೆಕಾರ ಅದಕ್ಕೆ ಬಣ್ಣ ಹಚ್ಚಿದನೋ, ಅದು ಬೇರೆ ಮಾತು. ಸಿನಿಮಾದ ದೃಷ್ಟಿಯಿಂದ ಇದೊಂದು ನಿಧಿ. ಕೋಟೆಯ ಗೋಡೆಯ ಮೇಲೆ ಇಬ್ಬರು. ಕೆಳಗೆ, ಬಾಣದ ಅಳವಿನಲ್ಲಿ, ಏನೂ ಅರಿಯದೆ ನಡೆದಾಡುವ ದೊರೆ. ಬೆರಳು ಒತ್ತಿದರೆ ಯುದ್ಧ ಮುಗಿಯುತ್ತದೆ, ಒತ್ತದಿದ್ದರೆ ಒಳಗಿರುವವರೆಲ್ಲ ಹಸಿದು ಸಾಯಬಹುದು. ಒತ್ತುವುದಿಲ್ಲ. ಏಕೆ? ಸಾಮಂತ ಮತ್ತು ಸಾಮಾನ್ಯ ಸೈನಿಕ ಲೋಕವನ್ನು ನೋಡುವ ಬಗೆಯೇ ಬೇರೆ ಎಂಬುದು ಈ ನಾಲ್ಕು ಮಾತಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬ್ರಯಾನ್ ಕಾಕ್ಸ್‌ರಂಥ ನಟ ಕೈಯಲ್ಲಿರುವಾಗ ಈ ದೃಶ್ಯ ಎಲ್ಲಿಗೆ ಏರುತ್ತಿತ್ತು ಎಂದು ಊಹಿಸಿ ನೋಡಿ. ಚಿತ್ರದ ಆಲ್ಬನಿಗಾದರೆ ಇಂಥ ಹಿಂಜರಿಕೆಗಳಿಲ್ಲ. ಮೊದಲಿನಿಂದ ಕೊನೆಯವರೆಗೆ ಅವನು ಒಂದೇ ಸ್ವರದ ಸ್ವಾತಂತ್ರ್ಯಪ್ರೇಮಿ.

ತಯಾರಕರ ಕಡೆಯಿಂದಲೂ ಯೋಚಿಸಿದ್ದೇನೆ. ದೊಡ್ಡ ಸ್ಟುಡಿಯೊದ ಬೆನ್ನಿಲ್ಲದ ಚಿತ್ರಗಳು ಎಷ್ಟೋ ಸಲ ಚಿತ್ರೀಕರಣಕ್ಕೆ ಮೊದಲೇ ಬೇರೆ ಬೇರೆ ದೇಶಗಳ ಹಂಚಿಕೆದಾರರಿಗೆ ಹಕ್ಕು ಮಾರಿ ಹಣ ಕೂಡಿಸುತ್ತವೆ. ಆ ಹಂಚಿಕೆದಾರನ ಕಣ್ಣಿಗೆ ಬೀಳುವುದು ಪೋಸ್ಟರು. ಬಿಳಿ ಅಂಗಿಯ ಮೇಲೆ ಕೆಂಪು ಶಿಲುಬೆ, ಎರಡು ಕೈಯಲ್ಲಿ ಹಿಡಿದ ಉದ್ದ ಕತ್ತಿ, ಹಿಂದೆ ಉರಿಯುವ ಕೋಟೆ ಇದ್ದರೆ ವ್ಯಾಪಾರ ಕುದುರುತ್ತದೆ. ಅಡ್ಡಗೋಡೆಯ ಹಿಂದೆ ಕುದುರೆ ಮಾಂಸ ಹಂಚುವ ಚಿತ್ರ ಅಷ್ಟು ಬೇಗ ಮಾರಾಟವಾಗದು. ಹಾಗಾಗಿ ಟೆಂಪ್ಲರ್, ಡೇನರು, ಪ್ರೇಮ ಎಲ್ಲವೂ ಹಣ ಹುಟ್ಟಿಸುವ ದಾರಿಯಲ್ಲೇ ಒಳಗೆ ಬಂದಿರಬಹುದು ಎಂಬ ಊಹೆ ನನಗಿದೆ. ಆದರೂ ಒಂದು ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರೆ ಕಾಲನ್ನು ಕತ್ತರಿಸಿಕೊ ಎಂದಲ್ಲ. ಹತ್ತು ಪಟ್ಟು ಹಣದ ಚಿತ್ರ ಕಾಣುವ ಹಾಗೆ ಕಾಣಬೇಕೆಂಬ ಹಟವೇ ಈ ಚಿತ್ರವನ್ನು ಬಡವಾಗಿಸಿತು. ಬಯಲಿನ ಯುದ್ಧವನ್ನು ದೊಡ್ಡವರಿಗೆ ಬಿಟ್ಟು ಕೋಣೆಯ ಯುದ್ಧವನ್ನು ತಾವು ಹಿಡಿದಿದ್ದರೆ ಹೋಲಿಕೆಯೇ ಏಳುತ್ತಿರಲಿಲ್ಲ.

2014ರಲ್ಲಿ ಇದೇ ನಿರ್ದೇಶಕರ ಮುಂದುವರಿದ ಭಾಗ ಬಂತು. ಮೊದಲ ಭಾಗದಲ್ಲಿ ಬದುಕುಳಿದ ಯುವಕ ಗೈ, ಈ ಬಾರಿ ಬೇರೆ ನಟನ ಮುಖದಲ್ಲಿ, ಸ್ಕಾಟ್ ದಾಳಿಕೋರರಿಂದ ಇನ್ನೊಂದು ಕೋಟೆಯನ್ನು ಕಾಯುತ್ತಾನೆ. ಸರ್ಬಿಯಾದಲ್ಲಿ ಚಿತ್ರೀಕರಿಸಿದ ಈ ಭಾಗದಲ್ಲಿ ಕ್ಯಾಮೆರಾದ ನಡುಕ ಇನ್ನೂ ಹೆಚ್ಚಾಗಿತ್ತು, ಜಿಯಾಮಾಟಿ ಇರಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ರಾಚೆಸ್ಟರ್ ಗೋಪುರ ಇಂದಿಗೂ ನಿಂತಿದೆ. ಅದರ ಮೂರು ಮೂಲೆಗಳು ಚೌಕಾಕಾರದವು. ನಾಲ್ಕನೆಯದು, ಹಂದಿಕೊಬ್ಬಿನ ಬೆಂಕಿಗೆ ಬಿದ್ದದ್ದು, ಜಾನ್‌ನ ಮಗ ಮೂರನೆಯ ಹೆನ್ರಿಯ ಕಾಲದಲ್ಲಿ ಉರುಟಾಗಿ ಮತ್ತೆ ಎದ್ದಿತು. ಗೋಪುರದಿಂದ ಹೊರಬಂದವರನ್ನೆಲ್ಲ ಗಲ್ಲಿಗೇರಿಸಬೇಕೆಂದು ಜಾನ್ ಹಟ ಹಿಡಿದಿದ್ದ. ಅವನ ದಂಡನಾಯಕ ಸವಾರಿ ಡಿ ಮೋಲಿಯೋನ್ ತಡೆದ. ಇಂದು ಇವರನ್ನು ನೇಣಿಗೆ ಹಾಕಿದರೆ ನಾಳೆ ನಾವು ಸೆರೆಸಿಕ್ಕಾಗ ಅವರು ನಮ್ಮನ್ನು ಹಾಕುತ್ತಾರೆ, ಆಗ ನಿನ್ನ ಸೇವೆಗೆ ಯಾರೂ ನಿಲ್ಲುವುದಿಲ್ಲ ಎಂಬುದು ಅವನ ವಾದ. ದೊರೆ ಒಪ್ಪಿದ. ಸಾಮಂತರೂ ನೈಟ್‌ಗಳೂ ಸೆರೆಮನೆಗೆ ಹೋದರು. ಒಬ್ಬನನ್ನು ಮಾತ್ರ ಬಿಡಲಿಲ್ಲ. ಅವನೊಬ್ಬ ಅಡ್ಡಬಿಲ್ಲುಗಾರ. ಹುಡುಗನಾಗಿದ್ದಾಗಿನಿಂದ ಜಾನ್‌ನ ಮನೆಯಲ್ಲೇ ಬೆಳೆದು, ಆಮೇಲೆ ಬಂಡಾಯಗಾರರನ್ನು ಸೇರಿದವನು. ಅವನನ್ನು ನೇಣಿಗೆ ಹಾಕಿದರು. ಗೋಡೆಯ ಮೇಲೆ ನಿಂತು ಹೊಡೆಯಲೇ ಎಂದು ಕೇಳಿದವನು ಇವನೇ ಇರಬಹುದೇ? ಚರಿತ್ರೆ ಹೇಳುವುದಿಲ್ಲ. ಸಿನಿಮಾ ಹೇಳಬಹುದಿತ್ತು.